ಏಳನೇ ಕ್ರಾಸಿಂಗಿಗೆ ತಂತಿ

ಸೆಪ್ಟೆಂಬರ್ 5, ಮಂಗಳವಾರ

ವೈರಿಂಗ್ ಕೆಲಸ ನನ್ನ ತಲೆಗೆ ಬಂತು.

ನಮ್ಮ ಮುಚ್ಚಿಹೋದ ರೈಲುಮಾರ್ಗದ ಪುಟ್ಟ ಮಾದರಿ ಹಳೆಯ ಸ್ಟೇಷನ್ನಿನ ಕಾಯುವ ಕೋಣೆಯಲ್ಲಿ ಎದ್ದು ನಿಂತಿದೆ. ಗೋಡೆಗುಂಟ ಹದಿನಾಲ್ಕು ಮೀಟರು, ಸೆಕಿಹಾರದಿಂದ ಕೊನೆಯ ನಿಲ್ದಾಣ ಒಕುತಾನಿವರೆಗೆ. ಬೆಟ್ಟ, ಸುರಂಗ, ಸೇತುವೆ ಎಲ್ಲ ಆಗಿದೆ, ಕರೆಂಟ್ ಒಂದೇ ಬಾಕಿ. ನವೆಂಬರ್ 3ರ ರಜೆಯ ದಿನ ಉದ್ಘಾಟನೆ. ಅವತ್ತು ಗಾಡಿ ಈ ತುದಿಯಿಂದ ಆ ತುದಿಗೆ ಓಡದಿದ್ದರೆ ಪಟ್ಟಣ ಕಚೇರಿಯವರು ಕೋಣೆಯನ್ನು ಕರಾಓಕೆ ಹಾಡುವವರಿಗೆ ಕೊಡುತ್ತಾರಂತೆ.

"ನೀನು ಮೂವತ್ತೆಂಟು ವರ್ಷ ಗಾಡಿ ಓಡ್ಸಿದೋನು, ನಿನಗಲ್ದೆ ಇನ್ಯಾರಿಗೆ ಕೊಡ್ಲಿ ಕುಸಾಕಾ?" ಎಂದರು ನೆಮೊತೊ. ಒಂದು ಕಾಲದಲ್ಲಿ ಅದೇ ಸ್ಟೇಷನ್ನಿನ ಮಾಸ್ತರರು. ಎಪ್ಪತ್ತಾರಾದರೂ ನನ್ನನ್ನು ನಿನ್ನೆ ಕೆಲಸಕ್ಕೆ ಸೇರಿದವನ ಹಾಗೆ ನೋಡುತ್ತಾರೆ.

"ನಾನು ಓಡ್ಸಿದ್ದು ಡೀಸೆಲ್ ಗಾಡಿ, ಮಾಸ್ಟ್ರೇ. ಡೀಸೆಲ್ ಗಾಡಿಗೆ ತಂತಿ ಎಲ್ಲಿಂದ ಬರ್ಬೇಕು?"

"ಹಂಗಾದ್ರೆ ಈಗ ಕಲೀತೀಯ ಬಿಡು."

ಮನೆಗೆ ಬಂದು ಲೆಕ್ಕ ಹಾಕಿದೆ. ಹನ್ನೆರಡು ವೋಲ್ಟು, ಎರಡು ಡಬ್ಬಿಯ ಗಾಡಿ, ಡಬ್ಬಿಯೊಳಗಿನ ದೀಪಗಳು. ಪುಸ್ತಕದ ಪ್ರಕಾರ 0.5ರ ತಂತಿ ಸಾಕು. ಹೆಂಡತಿ ಮಸುಮಿ ಅವರೆ ಬಿಡಿಸುತ್ತಾ, "ತಂತಿ ತಾನೇ? ಯಾಗಿ ಎಲೆಕ್ಟ್ರಿಕ್ ಅಂಗಡಿಗೆ ನಾಲ್ಕು ಹೆಜ್ಜೆ" ಎಂದಳು. ನಾನು ನಾಳೆ ನಗರಕ್ಕೆ ಹೋಗುತ್ತೇನೆ ಎಂದೆ. ಬಸ್ಸಿನಲ್ಲಿ ಐವತ್ತು ನಿಮಿಷ.

ಇಪ್ಪತ್ತೊಂದು ವರ್ಷದಿಂದ ನಾನು ಆ ಅಂಗಡಿಯ ಮೆಟ್ಟಿಲು ಹತ್ತಿಲ್ಲ. ಬಲ್ಬು ಸುಟ್ಟರೂ ನಗರವೇ.

ಸೆಪ್ಟೆಂಬರ್ 12, ಮಂಗಳವಾರ

ತಂತಿ ಎಳೆದು ಮುಗಿಸಿದೆ. ಮಧ್ಯಾಹ್ನ ಎರಡಕ್ಕೆ ಒಬ್ಬನೇ ಇದ್ದಾಗ ಮೊದಲ ಓಟ. ಡ್ರೈವರ್ ಕೆಲಸದ ಅಭ್ಯಾಸಬಲ, ಬೆರಳು ತೋರಿಸಿ "ಹೊರಡುವ ಸಿಗ್ನಲ್, ಹಸಿರು!" ಎಂದು ಕೂಗಿದೆ. ಖಾಲಿ ಕೋಣೆಯಲ್ಲಿ ನನ್ನ ದನಿ ನನಗೇ ನಗು ತರಿಸಿತು. ಮನೆಯಲ್ಲೂ ಗ್ಯಾಸ್ ಆರಿಸಿ "ಗ್ಯಾಸ್, ಬಂದ್!" ಎಂದು ಕೂಗುವವನು ನಾನು. ಮಸುಮಿ ಒಳಗಿನಿಂದ "ಸರಿ, ಡ್ರೈವರ್ ಸಾಹೇಬ್ರೇ!" ಎನ್ನುತ್ತಾಳೆ.

ಗಾಡಿ ಚೆನ್ನಾಗಿಯೇ ಹೊರಟಿತು. ಸೇತುವೆ ದಾಟಿತು, ಸುರಂಗ ದಾಟಿತು. ಏರು ಶುರುವಾಗುವಲ್ಲಿ ಸೋತಿತು. ಡಬ್ಬಿಯ ದೀಪಗಳು ಕೆಂಪಗಾದವು. ಏಳನೇ ಕ್ರಾಸಿಂಗಿಗೆ ಅರ್ಧ ಡಬ್ಬಿಯಷ್ಟು ದೂರದಲ್ಲಿ ನಿಂತೇಬಿಟ್ಟಿತು.

ಸ್ವಿಚ್ ಆರಿಸಿ ಬೀಗ ಹಾಕಿ ಬಂದೆ. ಗಾಡಿಯನ್ನು ಅಲ್ಲೇ ಬಿಟ್ಟು ಬಂದಿದ್ದೇನೆ.

ಸೆಪ್ಟೆಂಬರ್ 13, ಬುಧವಾರ

ಐದು ಸಲ ಓಡಿಸಿದೆ. ಐದು ಸಲವೂ ಅಲ್ಲೇ.

ಸೆಪ್ಟೆಂಬರ್ 21, ಗುರುವಾರ

ಗಾಡಿ ನಿಲ್ಲುವುದನ್ನು ನೆಮೊತೊ ನೋಡಿದರು. "ತಂತಿ ಸಣ್ಣದಾಯ್ತೇನೋ" ಎಂದರು. ನಾನು "ಹಳಿ ಕೊಳೆಯಾಗಿದೆ, ಒರೆಸಿದ್ರೆ ಸರಿಹೋಗುತ್ತೆ" ಎಂದೆ. ಅವರ ಮುಂದೆ ಹಳಿ ಒರೆಸುವ ನಾಟಕವನ್ನೂ ಆಡಿದೆ. ಸುಳ್ಳು. ಎಷ್ಟು ಒರೆಸಿದರೂ ನಿಲ್ಲುತ್ತದೆ ಎಂದು ನನಗೆ ಗೊತ್ತಿತ್ತು. ನಿಂತಾಗ ಎದೆ ಹಗುರವಾಯಿತು, ಅದನ್ನೂ ಬರೆದುಬಿಡುತ್ತೇನೆ.

ಈಗ ದಿನವೂ ಹೋಗುತ್ತೇನೆ, ಬೆಳಿಗ್ಗೆ ಒಂಬತ್ತಕ್ಕೆ. ಹೆದರಿಕೆ ಆಗುತ್ತದೆ, ಆದರೂ ಹೋಗದೆ ಇರಲಾರೆ. ನೆಮೊತೊ ಎಲ್ಲ ನಿಲ್ದಾಣಗಳಲ್ಲೂ ಬೆರಳುಗುರಿನಷ್ಟು ಎತ್ತರದ ಜನರನ್ನು ಅಂಟಿಸಿದ್ದಾರೆ. ಕೊಡೆ ಹಿಡಿದವರು, ಮೀನು ಬುಟ್ಟಿ ಹೊತ್ತವರು, ಜಗಳವಾಡುವ ಇಬ್ಬರು ಕುಡುಕರು. ಏಳನೇ ಕ್ರಾಸಿಂಗಿನಲ್ಲಿ ಯಾರೂ ಇಲ್ಲ. ಹಳಿಯ ನಡುವೆ ಆರು ಹಲಗೆ ಮಾತ್ರ. ನಿಜವಾದ ಜಾಗದಲ್ಲೂ ಅಷ್ಟೇ ಇದ್ದದ್ದು, ಗೇಟಿಲ್ಲ, ಗಂಟೆಯಿಲ್ಲ. ಊರಿನವರು ಅಡ್ಡದಾರಿಯೆಂದು ದಾಟುತ್ತಿದ್ದರು.

ಯಾರನ್ನೂ ಯಾಕೆ ಅಂಟಿಸಲಿಲ್ಲ ಎಂದು ನಾನು ಕೇಳಲಿಲ್ಲ, ನೆಮೊತೊ ಹೇಳಲೂ ಇಲ್ಲ. ಈ ಊರಿನಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತು.

ಸೆಪ್ಟೆಂಬರ್ 27, ಬುಧವಾರ

ಕ್ಷೌರದಂಗಡಿಯಲ್ಲಿ ಒಬ್ಬಾಕೆ ನನ್ನ ಮುಂದಿನಿಂದ ಹಾದುಹೋದಳು. ಕೂತವರ ಮುಂದೆ ದಾಟುವಾಗ ಎಲ್ಲರೂ ಮಾಡುವ ಹಾಗೆ ಬಲಗೈ ಅಂಗೈಯನ್ನು ಮೂಗಿನ ಮುಂದೆ ನೆಟ್ಟಗೆ ಹಿಡಿದು, ತುಸು ಬಾಗಿ, "ಸ್ವಲ್ಪ ದಾಟ್ತೀನಿ" ಎಂದಳು. ದಿನಕ್ಕೆ ಹತ್ತು ಸಲ ಕಾಣುವ ಮರ್ಯಾದೆ. ನಾನು ಅರ್ಧ ಕ್ಷೌರಕ್ಕೆ ಎದ್ದು ಹೊರಗೆ ಬಂದು ನಿಂತೆ. ಕ್ಷೌರಿಕ ಪಾಪ, ಕತ್ತರಿ ಹಿಡಿದು ಹಿಂದೆಯೇ ಬಂದ.

ಅಕ್ಟೋಬರ್ 2, ಸೋಮವಾರ

ನಿಂತಿತು.

ಅಕ್ಟೋಬರ್ 8, ಭಾನುವಾರ

ನೆಮೊತೊ ನನಗೆ ಹೇಳದೆ ಯಾಗಿ ಚಿತೋಸೆಯನ್ನು ಕರೆತಂದರು. ಅಂಗಡಿ ಈಗ ಅವಳದು. ಅವಳ ಅಪ್ಪ ತೀರಿಕೊಂಡು ಆರು ವರ್ಷವಾಯಿತು. ಅವಳಿಗೂ ಐವತ್ತು ದಾಟಿರಬೇಕು, ಕೂದಲಿಗೆ ಬಣ್ಣ ಹಾಕುವುದಿಲ್ಲ. ಬಾಗಿಲಲ್ಲಿ ಅವಳನ್ನು ಕಂಡಾಗ ಓಡಿಹೋಗಲು ಕಿಟಕಿ ಹುಡುಕಿದೆ. ನಾನು, ಅರವತ್ತೊಂಬತ್ತು ವರ್ಷದ ಮುದುಕ.

ಅವಳು ನನ್ನ ಮುಖ ನೋಡದೆ ಮೀಟರಿನ ಮೊನೆಗಳನ್ನು ಹಳಿಗೆ ಒತ್ತುತ್ತಾ ಹೋದಳು. ಸೆಕಿಹಾರದಲ್ಲಿ ಹನ್ನೆರಡು. ಸೇತುವೆಯ ಮೇಲೆ ಹತ್ತೂವರೆ. ಏಳನೇ ಕ್ರಾಸಿಂಗಿನಲ್ಲಿ ಎಂಟಕ್ಕಿಂತ ಕಡಿಮೆ. ಆಮೇಲೆ ಹಲಗೆಯಡಿ ಬಗ್ಗಿ ನನ್ನ ತಂತಿಯ ತುದಿಯನ್ನು ಬೆರಳಲ್ಲಿ ತಿರುವಿದಳು.

"ಇದನ್ನ ಯಾವ ಪುಣ್ಯಾತ್ಮ ತಂದಿದ್ದು?"

"ನಾನೇ. 0.5 ಅಂತ ಲೆಕ್ಕ ಬಂತು, 0.5 ತಂದೆ."

"ಲೆಕ್ಕದಲ್ಲಿರೋ 0.5 ಚದರ ಮಿಲಿಮೀಟರು. ಎಳೆ ಎಳೆ ಹೊಸೆದಿರೋ ತಂತಿನ ಹಂಗೆ ಅಳೀತಾರೆ. ಇದು ಒಂಟಿ ಎಳೆ, ಇದನ್ನ ಅಳೆಯೋದು ದಪ್ಪದಲ್ಲಿ. ಅರ್ಧ ಮಿಲಿಮೀಟರ್ ದಪ್ಪ ಅಂದ್ರೆ ಚದರದಲ್ಲಿ ಎಷ್ಟಾಯ್ತು? 0.2 ಅಷ್ಟೇ, ಬೇಕಿದ್ದದ್ದರಲ್ಲಿ ಅರ್ಧಾನೂ ಇಲ್ಲ. ಇದು ಬಾಗಿಲ ಗಂಟೆಗೆ ಹಾಕೋ ತಂತಿ ಕುಸಾಕಾ ಅವ್ರೇ."

ನೆಮೊತೊ ಹೊಟ್ಟೆ ಹಿಡಿದು ನಕ್ಕರು. "ಬಾಗಿಲ ಗಂಟೆ ತಂತೀಲಿ ರೈಲು ಓಡ್ಸೋಕೆ ಹೊರಟಿದಾನೆ ಇವ್ನು!"

"ನಮ್ಮ ಅಂಗಡೀಲಿ ಕೇಳಿದ್ರೆ ಯಾರಾದ್ರೂ ಹೇಳ್ತಿದ್ರು" ಎಂದಳು ಚಿತೋಸೆ. ಅದರಲ್ಲಿ ನಗು ಇರಲಿಲ್ಲ.

ಹೋಗುವಾಗ ನನ್ನ ಮುಂದಿನಿಂದ ದಾಟಬೇಕಾಯಿತು. ಅಂಗೈ ನೆಟ್ಟಗೆ ಎತ್ತಿ ತುಸು ಬಾಗಿದಳು. ಥೇಟ್ ಅವಳ ತಾಯಿ. ನೆಮೊತೊ ನೀರು ಕೊಟ್ಟರು.

ಅಕ್ಟೋಬರ್ 9, ಸೋಮವಾರ

ಇದನ್ನು ಎಲ್ಲಿಯೂ ಬರೆದಿಲ್ಲ, ಮಸುಮಿಗೂ ಹೇಳಿಲ್ಲ. ಬರೆದು ನೋಡುತ್ತೇನೆ.

ಇಪ್ಪತ್ತೊಂದು ವರ್ಷದ ಹಿಂದೆ, ನವೆಂಬರ್ 14, ಸಂಜೆ ನಾಲ್ಕು ಹನ್ನೆರಡು. 338ನೇ ಗಾಡಿ, ಒಕುತಾನಿ ಕಡೆಗೆ, ಗಂಟೆಗೆ ಐವತ್ತೈದು ಕಿಲೋಮೀಟರ್. ಸುರಂಗದಿಂದ ಹೊರಬಿದ್ದಾಗ ಏಳನೇ ಕ್ರಾಸಿಂಗಿನ ಹಲಗೆಗಳ ಮೇಲೆ ಒಬ್ಬ ಹೆಂಗಸು ಇದ್ದಳು. ಗಾಡಿ ಕಂಡಳು. ಓಡಲಿಲ್ಲ. ಎದುರಿಗೆ ಯಾರೋ ಕೂತಿದ್ದಾರೆ, ಅವರ ಮುಂದೆ ದಾಟುತ್ತಿದ್ದೇನೆ ಎಂಬಂತೆ ಅಂಗೈ ಮೂಗಿನ ಮುಂದೆ ಎತ್ತಿ ನನಗೆ ತಲೆ ಬಾಗಿಸಿದಳು.

ವಿಚಾರಣೆಯಲ್ಲಿ ನಾನು ಹೇಳಿದ್ದು, "ಕಂಡ ತಕ್ಷಣ ತುರ್ತು ಬ್ರೇಕ್ ಹಾಕಿ ಶಿಳ್ಳೆ ಊದಿದೆ." ಡ್ರೈವರನ ತಪ್ಪಿಲ್ಲ ಎಂದು ಬರೆದರು. ಯಾರೂ ಒಂದು ಮಾತು ಅನ್ನಲಿಲ್ಲ. ಮೇಲಧಿಕಾರಿ ಬೆನ್ನು ತಟ್ಟಿದರು.

ತಕ್ಷಣ ಹಾಕಲಿಲ್ಲ. ಅವಳು ತಲೆ ಬಾಗಿಸಿದಳಲ್ಲ, ನನ್ನ ಬಲಗೈ ಮೊದಲು ಟೋಪಿಗೆ ಹೋಯಿತು. ಬಿಳಿ ಗವಸಿನ ಕೈ. ಹಳಿ ಪಕ್ಕದ ಗದ್ದೆಯವರು ನಮಸ್ಕರಿಸಿದರೆ ನಾವು ಮರುವಂದನೆ ಮಾಡುತ್ತಿದ್ದೆವು, ಆ ಅಭ್ಯಾಸ. ನಾನು ಅವಳಿಗೆ ಮರುವಂದನೆ ಮಾಡಿದೆ, ಆಮೇಲೆ ಬ್ರೇಕ್ ಹಿಡಿದೆ. ಒಂದು ಸೆಕೆಂಡು. ಐವತ್ತೈದರ ವೇಗದಲ್ಲಿ ಹದಿನೈದು ಮೀಟರು. ಅವಳಿಗೆ ದಾಟಲು ಬೇಕಿದ್ದದ್ದು ಎರಡು ಹೆಜ್ಜೆ.

ಬರೆದರೂ ಭಾರ ಏನೂ ಇಳಿಯಲಿಲ್ಲ. ಅವರ ಹೆಸರು ಯಾಗಿ ತೊಮೆ, ಚಿತೋಸೆಯ ತಾಯಿ. ಅರವತ್ತೈದು ವರ್ಷ.

ಅಕ್ಟೋಬರ್ 10, ಮಂಗಳವಾರ

ಗಾಡಿ ಇವತ್ತೂ ಅವರಿಗೋಸ್ಕರ ನಿಂತಿತು. ದಪ್ಪ ತಂತಿ ಹಾಕಿದರೆ ನಿಲ್ಲುವುದಿಲ್ಲ. ನಾನು ಮತ್ತೆ ಅವರ ಮೇಲೆ ಹಾಯಿಸಬೇಕು, ಅದೂ ಇಡೀ ಊರು ಚಪ್ಪಾಳೆ ತಟ್ಟುತ್ತಿರುವಾಗ.

ಅಕ್ಟೋಬರ್ 16, ಸೋಮವಾರ

ಹೋದೆ. ಯಾಗಿ ಅಂಗಡಿಗೆ. ಎರಡು ಸಲ ಮುಂದೆ ಹಾದುಹೋಗಿ ಮೂರನೆಯ ಸಲ ಒಳಗೆ ಕಾಲಿಟ್ಟೆ. ಬಿಸಿಲಿಗೆ ಮಾಸಿದ ಫ್ಯಾನುಗಳು, ಅಕ್ಕಿ ಬೇಯಿಸುವ ಕುಕ್ಕರುಗಳು, ಗೋಡೆಯ ಮೇಲೆ ಅಪ್ಪ ಅಮ್ಮನ ಫೋಟೋ. ನಾನು ನೆಲ ನೋಡಿದೆ.

ಚಿತೋಸೆ ಏನೂ ಕೇಳದೆ ಕೌಂಟರಿನ ಮೇಲೆ ನಾಲ್ಕು ತುಂಡು ತಂತಿ ಇಟ್ಟಳು.

"0.5, 0.75, 1.25, 2. ಎಲ್ಲಾ ಚದರದಲ್ಲಿ. ಈ ಸಲ ಎಡವಟ್ಟು ಮಾಡ್ಕೋಬೇಡಿ. ಒಂದೇ ಗಾಡಿ ಅಂದ್ರೆ 0.75 ಸಾಕು. ಎದುರು ಗಾಡಿ, ಸ್ಟೇಷನ್ ದೀಪ ಎಲ್ಲಾ ಹಾಕ್ತೀರ ಅಂದ್ರೆ 1.25. 2ರದ್ದು ತಗೊಂಡ್ರೆ ಮೂಲೇಲಿ ಬಗ್ಗಲ್ಲ, ನಿಮ್ಮ ಮಾಸ್ಟ್ರು ಕಟ್ಟಿರೋ ಬೆಟ್ಟ ಒಡೀಬೇಕಾಗುತ್ತೆ. ಇಡೀ ಉದ್ದಕ್ಕೂ ಜೋಡಿ ತಂತಿ ಓಡಲಿ, ಮೀಟರಿಗೊಂದು ಕಡೆ ಸಣ್ಣ ತಂತೀಲಿ ಹಳಿಗೆ ಬೆಸುಗೆ ಹಾಕಿ. ಸಣ್ಣದು ಗಿಡ್ಡ ಇದ್ರೆ ಪರವಾಗಿಲ್ಲ, ಉದ್ದ ಆದ್ರೇನೆ ತಾಪತ್ರಯ."

ನಾನು 0.5ರ ತುಂಡನ್ನು ಕೈಯಲ್ಲಿ ಹಿಡಿದೇ ಇದ್ದೆ. ಬಾಯಿಂದ ಬಂದೇಬಿಟ್ಟಿತು, "ಇದು ಹಾಕಿದ್ರೆ ಏಳನೇ ಕ್ರಾಸಿಂಗಿನ ಹತ್ರ ಸ್ವಲ್ಪ ನಿಧಾನ ಆಗ್ಬಹುದಲ್ವಾ?"

ಅವಳು ಮೊದಲ ಸಲ ನನ್ನ ಮುಖ ನೋಡಿದಳು. "ಗಾಡಿ ನಿಧಾನ ಮಾಡೋದು ತಂತಿ ಕೆಲಸ ಅಲ್ಲ. ಓಡಿಸೋರ ಕೆಲಸ."

1.25 ತಂದಿದ್ದೇನೆ, ಮೂವತ್ತು ಮೀಟರು. ಸುರುಳಿ ಬಚ್ಚಲ ಬಾಗಿಲ ಹತ್ತಿರ ಕೂತಿದೆ. ಮಸುಮಿ ಅದರ ಮೇಲಿನ ಅಂಗಡಿಯ ಚೀಟಿ ನೋಡಿ ರಾತ್ರಿಯೂಟಕ್ಕೆ ಮೀನು ಸುಟ್ಟಳು, ತಿಂಗಳ ಮಧ್ಯದಲ್ಲಿ, ಯಾವ ಹಬ್ಬವೂ ಇಲ್ಲದೆ.

ಅಕ್ಟೋಬರ್ 22, ಭಾನುವಾರ

ಬೆಸುಗೆ ನನ್ನಿಂದ ಆಗುವುದಿಲ್ಲ. ಅಂಗಡಿ ರಜೆಯೆಂದು ಚಿತೋಸೆಯೇ ಬಂದಳು. ಅವಳು ಹಲಗೆಯಡಿ ಮಲಗಿದಳು, ನಾನು ಮೇಲಿನಿಂದ ತೂತಿನಲ್ಲಿ ತಂತಿ ಇಳಿಸುತ್ತಾ ಹೋದೆ. ನನಗೆ ಕಾಣುತ್ತಿದ್ದದ್ದು ಅವಳ ಕಾಲುಚೀಲ ಮಾತ್ರ. ಎಡ ಹೆಬ್ಬೆರಳ ಹತ್ತಿರ ತೇಪೆ.

ಏಳನೇ ಕ್ರಾಸಿಂಗಿಗೆ ಬಂದೆವು. ತಂತಿ ಇಳಿಸಲಿಲ್ಲ.

"ಏನಾಯ್ತು? ಬಿಡಿ ಕೆಳಗೆ."

"ಚಿತೋಸೆ ಅವ್ರೇ, ಆವತ್ತು ನಾನು ತಕ್ಷಣ ಬ್ರೇಕ್ ಹಾಕ್ಲಿಲ್ಲ."

ಹೇಳಿಬಿಟ್ಟೆ. ಅಂಗೈ, ಟೋಪಿ, ಗವಸು, ಒಂದು ಸೆಕೆಂಡು, ಹದಿನೈದು ಮೀಟರು. ಇಲ್ಲಿ ಬರೆದ ಹಾಗೆಯೇ, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ. ವಿಚಾರಣೆಯಲ್ಲಿ ಸುಳ್ಳು ಹೇಳಿದ್ದನ್ನೂ ಹೇಳಿದೆ. ಅವಳ ಮುಖ ಕಂಡಿದ್ದರೆ ಹೇಳಲು ಆಗುತ್ತಿರಲಿಲ್ಲ.

ಕಾಲುಗಳು ಅಲ್ಲಾಡಲಿಲ್ಲ. ಬೆಸುಗೆಯ ಹೊಗೆ ಹಲಗೆಯ ಸಂದಿಯಿಂದ ಮೇಲೆ ಬರುತ್ತಿದ್ದದ್ದು ನಿಂತಿತು. ಆಮೇಲೆ ಕೈಯೊಂದು ಹೊರಗೆ ಬಂತು.

"ಇಕ್ಕಳ ಕೊಡಿ."

ಕೊಟ್ಟೆ. ಒಕುತಾನಿವರೆಗೂ ಕೆಲಸ ಮುಗಿಸಿದಳು. ಎದ್ದು ಬಟ್ಟೆ ಕೊಡವಿಕೊಂಡು, ಮೀಟರು ಇಟ್ಟು ನೋಡಿ, "ಹನ್ನೊಂದೂವರೆ ಬರ್ತಿದೆ" ಎಂದು ಹೋದಳು. ಬಾಗಿಲು ಎಳೆದುಕೊಳ್ಳಲಿಲ್ಲ.

ಅಕ್ಟೋಬರ್ 25, ಬುಧವಾರ

ಗಾಡಿ ಹತ್ತಿರ ಹೋಗಿಲ್ಲ. ಮಸುಮಿಗೂ ಹೇಳಿದೆ. ಸಿಪ್ಪೆ ಸುಲಿದ ಕಿತ್ತಳೆ ಬಣ್ಣದ ಕಾಕಿ ಹಣ್ಣುಗಳನ್ನು ದಾರಕ್ಕೆ ಪೋಣಿಸಿ ಒಣಗಲು ಕಟ್ಟುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ನಿದ್ದೇಲಿ ಕೈ ಹಣೆಗೆ ಎತ್ತುತ್ತೀರಿ. ಇಪ್ಪತ್ತು ವರ್ಷದಿಂದ ನೋಡ್ತಾ ಇದೀನಿ" ಎಂದಳು. "ಯಾರಿಗೆ ಅಂತ ಕೇಳ್ಬಾರ್ದು ಅಂತ ಸುಮ್ಮನಿದ್ದೆ."

ನನಗೆ ಅದು ಗೊತ್ತೇ ಇರಲಿಲ್ಲ. ದಾರದ ಇನ್ನೊಂದು ತುದಿ ಹಿಡಿದುಕೊಂಡೆ. ನಲವತ್ತೆರಡು ಹಣ್ಣು ಕಟ್ಟಿದೆವು.

ಅಕ್ಟೋಬರ್ 31, ಮಂಗಳವಾರ

ನೆಮೊತೊ ಬಾಗಿಲಲ್ಲಿ ನಿಂತು ಬೈದರು. "ಮೂರು ದಿನ ಉಳಿದಿದೆ, ಡ್ರೈವರ್ ಮನೇಲಿ ಕೂತ್ರೆ ಗಾಡಿ ನಾನು ತಳ್ಳಲಾ?" ನನ್ನ ಬದಲು ಬೇರೆಯವರನ್ನು ನೋಡಿ ಎಂದೆ. "ಯಾಗಿ ಚಿತೋಸೆ ಬಂದಿದ್ಲು. ಓಡಿಸೋದು ಕುಸಾಕಾ ಅವ್ರೇ ತಾನೇ ಅಂತ ಎರಡು ಸಲ ಕೇಳಿದ್ಲು. ಹೌದು ಅಂದಿದೀನಿ. ಇನ್ನು ನಿನ್ನಿಷ್ಟ" ಎಂದು ಹೋದರು.

ಯಾಕೆ ಕೇಳಿದಳು? ನನ್ನ ಸುಳ್ಳನ್ನು ಎಲ್ಲರ ಮುಂದೆ ಹೇಳುವುದಕ್ಕೇ ಇರಬೇಕು. ಹೇಳಲಿ. ಅದು ಅವಳ ಹಕ್ಕು.

ನವೆಂಬರ್ 3, ಶುಕ್ರವಾರ

ಹಳೆಯ ಸಮವಸ್ತ್ರ ಹೊಟ್ಟೆಗೆ ಹಿಡಿಯಲಿಲ್ಲ, ಟೋಪಿ ಮಾತ್ರ ಹಾಕಿಕೊಂಡೆ. ನಲವತ್ತು ಜನ ಬಂದಿದ್ದರು. ಪಟ್ಟಣ ಕಚೇರಿಯವರ ಭಾಷಣ ನಮ್ಮ ಮಾರ್ಗಕ್ಕಿಂತ ಉದ್ದವಿತ್ತು. ಚಿತೋಸೆ ಒಕುತಾನಿಯ ತುದಿಯಲ್ಲಿ, ಜನರ ಹಿಂದೆ, ಕೈಕಟ್ಟಿ ನಿಂತಿದ್ದಳು.

ಬೆರಳು ತೋರಿಸಿ ಕೂಗಿದೆ. ಗಾಡಿ ಹೊರಟಿತು. ಸೇತುವೆ, ಸುರಂಗ, ಏರು. ದೀಪಗಳು ಕೆಂಪಾಗಲಿಲ್ಲ, ವೇಗ ಒಂದಿಷ್ಟೂ ಇಳಿಯಲಿಲ್ಲ. ದಪ್ಪ ತಂತಿ ತನ್ನ ಕೆಲಸ ತಾನು ಮಾಡುತ್ತಿತ್ತು. ಏಳನೇ ಕ್ರಾಸಿಂಗಿಗೆ ಒಂದು ಮೊಳ ಇರುವಾಗ ನಾನೇ ಗುಂಡಿ ತಿರುಗಿಸಿ ನಡೆಯುವ ವೇಗಕ್ಕೆ ತಂದೆ. ಕ್ರಾಸಿಂಗ್ ದಾಟಿಸಿ ಮತ್ತೆ ವೇಗ ಕೊಟ್ಟೆ. ಒಕುತಾನಿ ಮುಟ್ಟಿದಾಗ ಚಪ್ಪಾಳೆ ಬಿತ್ತು. ನೆಮೊತೊ ಮೂಗು ಸೀಟಿಕೊಂಡರು. ಚಿತೋಸೆ ಕೈಕಟ್ಟಿಕೊಂಡೇ ನಿಂತಿದ್ದಳು.

ನಾಲ್ಕಕ್ಕೆ ಎಲ್ಲರೂ ಹೋದರು. ಚಿತೋಸೆ ಹೋಗಲಿಲ್ಲ. ಕಾಯುವ ಕೋಣೆಯ ಬೆಂಚಿನ ಆ ತುದಿಗೆ ಕೂತಳು.

"ಆ ಒಂದು ಸೆಕೆಂಡಿನ ವಿಷ್ಯ ಇನ್ನೂ ಗಂಟಲಲ್ಲಿದೆ. ಕ್ಷಮಿಸಿದೀನಿ ಅಂತ ತಿಳ್ಕೋಬೇಡಿ."

"ತಿಳ್ಕೊಂಡಿಲ್ಲ."

"ನನಗೆ ಬೇರೆ ಒಂದು ಕೇಳ್ಬೇಕಿತ್ತು. ಇಪ್ಪತ್ತೊಂದು ವರ್ಷದಿಂದ. ನೀವು ನನ್ನ ಕಂಡ್ರೆ ರಸ್ತೆ ಆ ಕಡೆಗೆ ದಾಟ್ತಿದ್ರಿ, ಹೆಂಗೆ ಕೇಳ್ಲಿ?" ಅವಳು ಕೈಯಲ್ಲಿದ್ದ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿದಳು, ಬಿಚ್ಚಿದಳು. "ಆವತ್ತು ಬೆಳಿಗ್ಗೆ ಅಮ್ಮನ ಜೊತೆ ಜಗಳ ಆಗಿತ್ತು. ಯಾವನೋ ಗಂಡಿನ ಫೋಟೋ ತಂದಿದ್ಲು, ನೋಡು ಅಂತ. ನಾನು ಹರಿದು ಹಾಕ್ದೆ. ನಿನ್ನ ಮುಖ ನೋಡೋಕೆ ಬೇಜಾರು ಅಂದೆ. ಹಂಗಾದ್ರೆ ತವರಿಗೆ ಹೋಗ್ತೀನಿ, ಇನ್ನು ಬರಲ್ಲ ಅಂತ ಬಟ್ಟೆ ಗಂಟು ಕಟ್ಕೊಂಡು ಹೋದ್ಲು. ತವರುಮನೆ ಬೆಟ್ಟದ ಕಡೆ. ಅಲ್ಲಿ ಬೀಗ ಹಾಕಿತ್ತು, ಯಾರೂ ಅವಳನ್ನ ನೋಡಿಲ್ಲ. ಮಧ್ಯಾಹ್ನ ಎಲ್ಲಿದ್ಲೋ ಗೊತ್ತಿಲ್ಲ. ಅಪ್ಪನಿಗೆ ಜಗಳದ ವಿಷ್ಯ ಹೇಳ್ಲೇ ಇಲ್ಲ, ಅದಕ್ಕೆ ಪೊಲೀಸ್ರು ಏನಂದ್ರು ಅಂತ ಕೇಳೋಕೂ ಆಗ್ಲಿಲ್ಲ."

ಅವಳು ನನ್ನ ಕಡೆ ತಿರುಗಿದಳು.

"ಅಮ್ಮ ಹೋಗ್ತಾ ಇದ್ಲಾ, ಬರ್ತಾ ಇದ್ಲಾ?"

ಇದನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ಅದನ್ನು ಬಲ್ಲವನು ಲೋಕದಲ್ಲಿ ನಾನೊಬ್ಬನೇ, ಬಲ್ಲೆ ಎಂಬುದು ನನಗೇ ತಿಳಿದಿರಲಿಲ್ಲ.

"ಬರ್ತಾ ಇದ್ರು" ಎಂದೆ.

"ಸಮಾಧಾನಕ್ಕೆ ಹೇಳ್ಬೇಡಿ."

"ಒಕುತಾನಿ ಕಡೆಗೆ ಹೋಗೋ ಗಾಡಿಗೆ ಎಡಕ್ಕೆ ಬೆಟ್ಟ, ಬಲಕ್ಕೆ ಊರು. ಅವರು ನನ್ನ ಎಡದಿಂದ ಬಲಕ್ಕೆ ದಾಟ್ತಿದ್ರು. ಎಡ ಹಳಿ ದಾಟಿ ಆಗಿತ್ತು. ಬೆನ್ನ ಮೇಲೆ ನೀಲಿ ಗಂಟು. ಕಾಲು ಊರ ಕಡೆಗಿತ್ತು, ತಲೆ ಮಾತ್ರ ನನ್ನ ಕಡೆ ತಿರುಗಿಸಿದ್ರು. ಇದನ್ನ ನಾನು ದಿನಾ ನೋಡ್ತೀನಿ ಚಿತೋಸೆ ಅವ್ರೇ, ತಪ್ಪಾಗೋ ಹಂಗೇ ಇಲ್ಲ. ಮನೆಗೆ ಬರ್ತಾ ಇದ್ರು."

ಅವಳು ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಳು. ಸ್ವಲ್ಪ ಹೊತ್ತಿಗೆ ತೆಗೆದು ಕೇಳಿದಳು, "ಗಂಟು ನೀಲಿನಾ?"

"ನೀಲಿ. ಬಿಳಿ ಚುಕ್ಕೆ."

"ಇನ್ನೊಂದ್ಸಲ ಹೇಳಿ. ಮೊದಲಿಂದ."

ಸುರಂಗದಿಂದ ಹೊರಬಂದಲ್ಲಿಂದ ಶುರು ಮಾಡಿ ಹೇಳಿದೆ. ಮುಗಿದ ಮೇಲೆ ಮತ್ತೆ ಹೇಳಿ ಎಂದಳು. ಮೂರು ಸಲ ಹೇಳಿದೆ. ಮೂರನೆಯ ಸಲ ಅವಳು ಕಣ್ಣು ಮುಚ್ಚಿ ಕೇಳಿದಳು, ಮತ್ತು ಎಡ ಹಳಿ ದಾಟಿದರು ಎಂದಾಗ ತಲೆಯಾಡಿಸಿದಳು.